ಮಗನಿಗಾಗಿ ಎತ್ತಿಟ್ಟ ಗುಂಡು

ಕಾರ್ಮ್ಯಾಕ್ ಮೆಕಾರ್ಥಿಯ ‘ದಿ ರೋಡ್’ ಕಾದಂಬರಿಯಲ್ಲಿ ಅಪ್ಪ ಮಗ ಇಬ್ಬರು ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯೊಂದನ್ನು ತಳ್ಳಿಕೊಂಡು ದಕ್ಷಿಣದ ಕಡಲಿನತ್ತ ನಡೆಯುತ್ತಾರೆ. ಗಾಡಿಯಲ್ಲಿ ಕಂಬಳಿ, ಟಾರ್ಪಾಲು, ಸಿಕ್ಕಷ್ಟು ಡಬ್ಬಿ ಆಹಾರ. ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿಕೊಳ್ಳಲು ಹಿಡಿಕೆಗೆ ಬಿಗಿದ ಮೋಟಾರ್ ಸೈಕಲ್ ಕನ್ನಡಿ. ಅಪ್ಪನ ಬಳಿ ಒಂದು ರಿವಾಲ್ವರ್, ಅದರಲ್ಲಿ ಎರಡೇ ಗುಂಡು. ಈ ಗುಂಡುಗಳು ಶತ್ರುಗಳಿಗೆ ಎಂದು ಇಟ್ಟುಕೊಂಡವಲ್ಲ. ಒಂದು ಮಗನಿಗೆ, ಒಂದು ತನಗೆ.

2006ರಲ್ಲಿ ಬಂದ ಈ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. 2009ರಲ್ಲಿ ಸಿನಿಮಾ ಆಯಿತು. ಪ್ರಳಯ ಯಾಕಾಯಿತು ಎಂದು ಲೇಖಕ ಎಲ್ಲೂ ಹೇಳುವುದಿಲ್ಲ. ಗಡಿಯಾರಗಳು 1 ಗಂಟೆ 17 ನಿಮಿಷಕ್ಕೆ ನಿಂತವು, ದೂರದಲ್ಲಿ ಬೆಳಕು ಸೀಳಿತು, ಒಂದಷ್ಟು ಸದ್ದು ಕೇಳಿಸಿತು, ಅಷ್ಟೆ. ಆಮೇಲೆ ಬರೀ ಬೂದಿ. ಸೂರ್ಯ ಕಾಣುವುದಿಲ್ಲ, ಹುಲ್ಲು ಚಿಗುರುವುದಿಲ್ಲ, ಹಕ್ಕಿಯಿಲ್ಲ. ಉಳಿದುಕೊಂಡವರಲ್ಲಿ ಬಹಳ ಮಂದಿ ಮನುಷ್ಯರನ್ನು ಹಿಡಿದು ತಿನ್ನುವವರು. ಅಪ್ಪನಿಗೂ ಹೆಸರಿಲ್ಲ, ಮಗನಿಗೂ ಹೆಸರಿಲ್ಲ. ಸಂಭಾಷಣೆಗೆ ಉದ್ಧರಣ ಚಿಹ್ನೆಗಳೂ ಇಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಎಂಥ ಹೊತ್ತಿನಲ್ಲೂ ಆರದ ಪಿತೃವಾತ್ಸಲ್ಯದ ಕಥೆಯೆಂದು ಹೊಗಳುತ್ತಾರೆ. ಹೊಗಳಿಕೆ ಸುಳ್ಳಲ್ಲ. ಆದರೆ ಆ ವಾತ್ಸಲ್ಯದ ನಡುಮಧ್ಯದಲ್ಲೇ ಒಂದು ಕೊಲೆಯ ಯೋಜನೆ ಇದೆ. ಮಗನನ್ನು ಕಾಯುವುದೆಂದರೆ ಬದುಕಿಸುವುದು, ಬದುಕಿಸಲಾಗದ ಹೊತ್ತು ಬಂದರೆ ತಾನೇ ಕೊಲ್ಲುವುದು. ಅಪ್ಪನ ಮನಸ್ಸಿನಲ್ಲಿ ಇವೆರಡೂ ಒಂದೇ ಕರ್ತವ್ಯದ ಎರಡು ಭಾಗಗಳು. ಹೀಗೆ ಮನಸ್ಸು ಗಟ್ಟಿಮಾಡಿಕೊಂಡವನು ಕೊನೆಗೆ ಯಾಕೆ ಕೈ ಹಿಂದೆಗೆದ ಎಂಬುದೇ ನನಗೆ ಈ ಕಾದಂಬರಿಯ ತಿರುಳು.

ಅದಕ್ಕೆ ಮೊದಲು ತಾಯಿಯ ವಿಷಯ. ಗಡಿಯಾರ ನಿಂತಾಗ ಅವಳು ತುಂಬು ಬಸುರಿ. ಮಗು ಹುಟ್ಟಿದ್ದು ಆ ಕತ್ತಲಿನಲ್ಲೇ. ಕೆಲವು ವರ್ಷ ಹೇಗೋ ಕಳೆದ ಮೇಲೆ ಒಂದು ರಾತ್ರಿ ಅವಳು ಗಂಡನಿಗೆ ಸುತ್ತುಬಳಸದೆ ಹೇಳುತ್ತಾಳೆ. ಇಂದಲ್ಲ ನಾಳೆ ನಮ್ಮನ್ನು ಹಿಡಿಯುತ್ತಾರೆ, ನನ್ನನ್ನು ಹಾಳುಮಾಡುತ್ತಾರೆ, ಮಗುವನ್ನೂ ಬಿಡುವುದಿಲ್ಲ, ಅದಕ್ಕೂ ಮೊದಲೇ ಹೋಗಿಬಿಡುವುದು ಲೇಸು ಎಂಬುದು ಅವಳ ಮಾತಿನ ಸಾರ. ಗಂಡ ಅಡ್ಡಿಯಾಗದಿದ್ದರೆ ಮಗನನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. ಅವನು ಬೇಡಿಕೊಳ್ಳುತ್ತಾನೆ, ಅಳುತ್ತಾನೆ. ಅವಳ ಮಾತಿಗೆ ಎದುರುತ್ತರ ಮಾತ್ರ ಅವನಲ್ಲಿಲ್ಲ, ಅವಳು ಹೇಳುವುದೇ ಸರಿ ಎಂದು ಒಳಗೊಳಗೆ ಒಪ್ಪಿಕೊಂಡೂ ಬಿಡುತ್ತಾನೆ. ಮಗನಿಗೆ ಒಂದು ಮಾತೂ ಹೇಳದೆ ಅವಳು ಕತ್ತಲೆಗೆ ನಡೆದುಹೋಗುತ್ತಾಳೆ. ಬೆಳಿಗ್ಗೆ ಎದ್ದ ಹುಡುಗನಿಗೆ ಯಾರೂ ತಿಳಿಸಬೇಕಾಗಿರಲಿಲ್ಲ.

ಅವಳಿಗೆ ಲೇಖಕ ಕೊಟ್ಟಿರುವುದು ಕೆಲವೇ ಪುಟ. ಅದು ಅನ್ಯಾಯ ಎಂದೇ ನನ್ನ ಅನಿಸಿಕೆ. ಓದುಗರು ಅವಳನ್ನು ಹೇಡಿ ಎಂದು ಬದಿಗೆ ತಳ್ಳಿ ಅಪ್ಪನ ಹಿಂದೆ ಹೊರಟುಬಿಡುತ್ತಾರೆ. ಆದರೆ ಅಪ್ಪ ಸೊಂಟದಲ್ಲಿ ಸಿಕ್ಕಿಸಿಕೊಂಡು ನಡೆಯುತ್ತಿರುವುದು ಅವಳ ತೀರ್ಮಾನವನ್ನೇ ಅಲ್ಲವೇ? ಅವಳು ಇವತ್ತೇ ಎಂದಳು, ಇವನು ಇವತ್ತು ಬೇಡ ಎಂದ. ವ್ಯತ್ಯಾಸ ದಿನಾಂಕದ್ದು.

ದಾರಿಯಲ್ಲಿ ಒಬ್ಬ ದುರುಳ ಹುಡುಗನನ್ನು ಹಿಡಿದು ಕುತ್ತಿಗೆಗೆ ಚಾಕು ಇಡುತ್ತಾನೆ. ಅಪ್ಪ ಅವನ ಹಣೆಗೆ ಹೊಡೆದು ಮಗನನ್ನು ಉಳಿಸಿಕೊಳ್ಳುತ್ತಾನೆ. ಓದುವವರಿಗೆ ಹೋದ ಉಸಿರು ಬಂದಂತಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಅದು ನೆಮ್ಮದಿಯ ಗಳಿಗೆಯಲ್ಲ. ಎರಡರಲ್ಲಿ ಒಂದು ಹೋಯಿತು, ಉಳಿದ ಒಂದೇ ಒಂದು ಮಗನದು. ಅಪ್ಪನಿಗೆ ಇನ್ನು ಸಾಯಲೂ ಸುಲಭದ ದಾರಿಯಿಲ್ಲ. ಮೆಕಾರ್ಥಿ ಇದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ.

ಮುಂದೆ ಹಸಿವು ತಾಳಲಾರದೆ ಅವರು ಒಂದು ದೊಡ್ಡ ಮನೆಯನ್ನು ಹೊಕ್ಕು, ನೆಲಮಾಳಿಗೆಯ ಬೀಗ ಮುರಿದು ಒಳಗಿಳಿಯುತ್ತಾರೆ. ಅಲ್ಲಿ ಇದ್ದದ್ದು ಆಹಾರವಲ್ಲ, ಆಹಾರಕ್ಕೆಂದು ಕೂಡಿಹಾಕಿದ ಜೀವಂತ ಮನುಷ್ಯರು. ಓಡಿ ಬಂದು ಕಾಡಿನಲ್ಲಿ ಅವಿತುಕೊಂಡಾಗ ಅಪ್ಪ ರಿವಾಲ್ವರನ್ನು ಮಗನ ಕೈಗೆ ತುರುಕುತ್ತಾನೆ. ಸಿಕ್ಕಿಬಿದ್ದರೆ ಏನು ಮಾಡಬೇಕೆಂಬುದನ್ನು ಮೊದಲೇ ಹೇಳಿಕೊಟ್ಟಿದ್ದಾನೆ. ಈಗ ಮತ್ತೊಮ್ಮೆ ಒಪ್ಪಿಸುವಂತೆ ಕೇಳುತ್ತಾನೆ. ಹುಡುಗ ನಡುಗುತ್ತಿದ್ದಾನೆ, ಗೊತ್ತು ಎನ್ನಬೇಕೋ ಗೊತ್ತಿಲ್ಲ ಎನ್ನಬೇಕೋ ಅವನಿಗೆ ತಿಳಿಯುತ್ತಿಲ್ಲ. ಆ ಮುಖ ನೋಡಿ ಅಪ್ಪ ರಿವಾಲ್ವರನ್ನು ವಾಪಸ್ಸು ತೆಗೆದುಕೊಳ್ಳುತ್ತಾನೆ. ಅವನ ಯೋಜನೆಯಲ್ಲಿ ಮೊದಲ ಬಿರುಕು ಬಿಡುವುದು ಇಲ್ಲಿ. ಆ ಹೊತ್ತು ಬಂದಾಗ ನನ್ನಿಂದ ಆದೀತೇ ಎಂದು ಅವನು ತನ್ನನ್ನೇ ಕೇಳಿಕೊಳ್ಳತೊಡಗುತ್ತಾನೆ. ಗುಂಡು ಹಾರದೇ ಹೋದರೆ ಏನು ಮಾಡಲಿ ಎಂಬ ಪ್ರಶ್ನೆಗೆ ಅವನೊಳಗೆ ಸಿಗುವ ಉತ್ತರ ಎಷ್ಟು ಘೋರವೆಂದರೆ, ಅಂಥದೊಂದು ಜೀವಿ ತನ್ನಲ್ಲಿ ಕೂತಿತ್ತೇ ಎಂದು ಅವನೇ ಬೆಚ್ಚುತ್ತಾನೆ.

ಆ ಮನೆಯಿಂದ ಪಾರಾದ ಮೇಲೆ ದಿನಗಟ್ಟಲೆ ಉಪವಾಸ. ಇನ್ನೇನು ಮುಗಿಯಿತು ಎನ್ನುವಾಗ ಒಂದು ಮನೆಯ ಹಿತ್ತಲಿನಲ್ಲಿ ಅವನ ಕಾಲಿಗೆ ಏನೋ ತಾಕುತ್ತದೆ. ಮಣ್ಣು ಸರಿಸಿದರೆ ಹಲಗೆಯ ಬಾಗಿಲು, ಒಳಗೆ ಯಾರೋ ಮುಂದಾಲೋಚನೆಯಿಂದ ಕಟ್ಟಿಕೊಂಡ ಅಡಗುತಾಣ. ಪೆಟ್ಟಿಗೆ ಪೆಟ್ಟಿಗೆ ಡಬ್ಬಿ ಹಣ್ಣು, ಮಾಂಸ, ನೀರು, ಸೋಪು, ಮಂಚ. ಬೇರೆ ಲೇಖಕನಾಗಿದ್ದರೆ ಇಲ್ಲಿ ಅಪ್ಪನನ್ನು ಮೊಣಕಾಲೂರಿಸಿ ಆನಂದಬಾಷ್ಪ ಸುರಿಸುತ್ತಿದ್ದ. ಈ ಅಪ್ಪನಿಗೆ ಮೊದಲ ಬೆರಗು ಇಳಿದ ಮೇಲೆ ಒಂದು ಬಗೆಯ ಗೊಂದಲ ಹತ್ತಿಕೊಳ್ಳುತ್ತದೆ. ಸಾವಿಗೆ ಸಿದ್ಧವಾಗಿಬಿಟ್ಟಿದ್ದ, ಈಗ ಮತ್ತೆ ಬದುಕಬೇಕು. ಇದು ಸಿಗದೇ ಹೋಗಿದ್ದರೇ ಚೆನ್ನಾಗಿತ್ತೇನೋ ಎಂದು ಅವನ ಮನಸ್ಸಿನ ಒಂದು ಮೂಲೆ ಹಂಬಲಿಸುತ್ತದೆ. ಎಲ್ಲ ಮುಗಿದುಹೋಗಲಿ ಎಂಬ ಆಸೆ ಅವನೊಳಗೆ ಎಂದೂ ಪೂರ್ತಿ ಆರಿರುವುದಿಲ್ಲ. ದೀರ್ಘಕಾಲ ರೋಗಿಯನ್ನು ನೋಡಿಕೊಂಡವರಿಗೆ ಈ ಸಾಲುಗಳು ಹೊಸದೆನಿಸಲಾರವು. ಬಾಯಿಬಿಟ್ಟು ಹೇಳುವವರು ಕಡಿಮೆ.

ಅದೇ ಊಟದ ಮುಂದೆ ಹುಡುಗ ಏನು ಮಾಡುತ್ತಾನೆ ನೋಡಿ. ಇದನ್ನೆಲ್ಲ ಕೂಡಿಟ್ಟವರು ಯಾರೋ, ಅವರಿಗೆ ಒಂದು ಥ್ಯಾಂಕ್ಸ್ ಹೇಳಬೇಡವೇ ಎಂದು ಅಪ್ಪನನ್ನು ಕೇಳುತ್ತಾನೆ. ಹೇಳು ಎನ್ನುತ್ತಾನೆ ಅಪ್ಪ. ಸತ್ತುಹೋಗಿರಬಹುದಾದ ಆ ಅಪರಿಚಿತರಿಗೆ ಹುಡುಗ ತನಗೆ ತೋಚಿದ ಹಾಗೆ ಕೃತಜ್ಞತೆ ಹೇಳುತ್ತಾನೆ. ನೀವು ಬದುಕಿದ್ದಿದ್ದರೆ ನಾವು ಇದನ್ನು ಮುಟ್ಟುತ್ತಿರಲಿಲ್ಲ ಎಂಬರ್ಥದ ಮಾತೂ ಅದರಲ್ಲಿದೆ. ಅಪ್ಪನಿಗೆ ಗೊತ್ತಿರುವುದು ಕಳೆದುಹೋದ ಲೋಕ. ಹೊಳೆಯ ಮೀನು, ಬಾಲ್ಯದ ಮನೆ, ಹೆಂಡತಿಯ ಜೊತೆಗಿನ ದಿನಗಳು. ಇವತ್ತಿನ ಪ್ರತಿ ತುತ್ತನ್ನೂ ಅವನು ಅದರ ಪಕ್ಕದಲ್ಲಿಟ್ಟು ಅಳೆಯುತ್ತಾನೆ, ಅಳೆದಾಗಲೆಲ್ಲ ಸಾವೇ ಮೇಲೆನಿಸುತ್ತದೆ. ಹುಡುಗನಿಗೆ ಹಾಗೆ ಅಳೆಯಲು ಬೇರೊಂದು ಲೋಕವೇ ಗೊತ್ತಿಲ್ಲ. ಅಪ್ಪನಿಗೆ ಇದು ಅಳಿದುಳಿದ ಬದುಕು, ಅವನಿಗೆ ಇದೇ ಬದುಕು. ತನ್ನ ಶೋಕದ ಅಳತೆಗೋಲಿನಿಂದ ಮಗನ ಆಯುಸ್ಸನ್ನು ಅಳೆಯುತ್ತಿದ್ದೇನೆ ಎಂದು ಅವನು ಬಾಯಿಬಿಟ್ಟು ಎಲ್ಲೂ ಹೇಳುವುದಿಲ್ಲ. ಆದರೆ ಇಲ್ಲಿಂದಾಚೆ ಅವನ ಗಟ್ಟಿತನ ನಿಧಾನವಾಗಿ ಸಡಿಲವಾಗುತ್ತದೆ.

ಆ ಅಡಗುತಾಣದಲ್ಲಿ ಕೂತು ಅವನು ಮರದ ಕೊಂಬೆಯಿಂದ ಸುಳ್ಳು ಗುಂಡುಗಳನ್ನು ಕೆತ್ತುತ್ತಾನೆ. ಉಪ್ಪಿನಿಂದ ಉಜ್ಜಿ ನಯಮಾಡಿ, ಸೀಸದ ಬಣ್ಣ ಬರಲೆಂದು ಮಸಿ ಬಳಿದು, ರಿವಾಲ್ವರಿನ ಖಾಲಿ ಮನೆಗಳಿಗೆ ತುಂಬುತ್ತಾನೆ. ನೋಡಿದವರಿಗೆ ರಿವಾಲ್ವರ್ ತುಂಬಿದೆ ಎನಿಸಬೇಕು. ಮಗನನ್ನು ಕೊಲ್ಲಲೆಂದು ಎತ್ತಿಟ್ಟ ಆಯುಧ ಎದುರಿನವರನ್ನು ಹೆದರಿಸುವ ಬೊಂಬೆಯಾಗುತ್ತಿದೆ. ನಿಜವಾದ ಗುಂಡು ಇನ್ನೂ ಇದೆ, ಸುತ್ತ ಮರದ ತುಂಡುಗಳು.

ಇದನ್ನೆಲ್ಲ ಬರೆದವನಿಗೂ ಒಬ್ಬ ಪುಟ್ಟ ಮಗನಿದ್ದ. ಅರವತ್ತು ದಾಟಿದ ಮೇಲೆ ಹುಟ್ಟಿದ ಮಗ. ಪುಸ್ತಕದ ಅರ್ಪಣೆ ಅವನಿಗೇ. 2007ರಲ್ಲಿ ಓಪ್ರಾ ವಿನ್‌ಫ್ರೇಗೆ ಕೊಟ್ಟ ಅಪರೂಪದ ಟೀವಿ ಸಂದರ್ಶನದಲ್ಲಿ ಮೆಕಾರ್ಥಿ ಕಥೆಯ ಮೂಲವನ್ನು ಹೇಳಿದ್ದರು. ಟೆಕ್ಸಸ್‌ನ ಎಲ್ ಪಾಸೊ ಊರಿನ ಹೋಟೆಲಿನಲ್ಲಿ ರಾತ್ರಿ ಮಗ ಮಲಗಿದ್ದ, ಕಿಟಕಿಯಾಚೆ ರೈಲಿನ ಸದ್ದು. ಈ ಊರು ಐವತ್ತು ನೂರು ವರ್ಷಗಳಾಚೆ ಹೇಗಿದ್ದೀತು ಎಂದುಕೊಂಡಾಗ ಗುಡ್ಡದ ಮೇಲೆ ಬೆಂಕಿ ಉರಿಯುವ ಚಿತ್ರ ಕಣ್ಣೆದುರು ಬಂತಂತೆ. ಎರಡು ವರ್ಷಗಳ ನಂತರ ಇನ್ನೊಂದು ಸಂದರ್ಶನದಲ್ಲಿ, ಕಾದಂಬರಿಯ ಹಲವು ಮಾತುಗಳು ತಾನೂ ಮಗನೂ ಆಡಿಕೊಂಡವೇ ಎಂದರು. ನಾನು ಸತ್ತರೆ ಏನು ಮಾಡ್ತೀಯಪ್ಪ ಎಂದು ಮಗ ಕೇಳಿದನಂತೆ. ನನಗೂ ಸಾಯಬೇಕು ಅನ್ನಿಸುತ್ತೆ ಎಂದು ಅಪ್ಪ. ನನ್ನ ಜೊತೆ ಇರೋಕಾ? ಹೌದು, ನಿನ್ನ ಜೊತೆ ಇರೋಕೆ. ಮನೆಯಲ್ಲಿ ಯಾವುದೋ ಹೊತ್ತಿನಲ್ಲಿ ನಡೆದ ಈ ಮಾತು ಪುಸ್ತಕದ ಆರಂಭದಲ್ಲೇ ಬರುತ್ತದೆ. ಮನೆಯಲ್ಲಿ ಅದು ಮುದ್ದಿನ ಮಾತು. ಸೊಂಟದಲ್ಲಿ ರಿವಾಲ್ವರ್ ಇರುವವನು ಆಡಿದಾಗ ಅದೇ ಮಾತು ಕರಾರಾಗುತ್ತದೆ.

ಇದಕ್ಕೆ ಅರ್ಧ ಶತಮಾನ ಮೊದಲು, 1957ರಲ್ಲಿ, ನೆವಿಲ್ ಶೂಟ್ ‘ಆನ್ ದ ಬೀಚ್’ ಬರೆದಿದ್ದರು. ಉತ್ತರಾರ್ಧಗೋಳ ಅಣುಯುದ್ಧದಲ್ಲಿ ನಾಶವಾಗಿದೆ, ವಿಕಿರಣ ಮೆಲ್ಲಗೆ ದಕ್ಷಿಣಕ್ಕೆ ಇಳಿಯುತ್ತಿದೆ, ಮೆಲ್ಬರ್ನ್ ಜನ ತಮ್ಮ ಸರದಿಗೆ ಕಾಯುತ್ತಿದ್ದಾರೆ. ನೌಕಾಪಡೆಯ ಅಧಿಕಾರಿ ಪೀಟರ್ ಜಲಾಂತರ್ಗಾಮಿಯಲ್ಲಿ ಹೊರಡುವ ಮೊದಲು, ತಾನು ದೂರವಿದ್ದಾಗಲೇ ಕೊನೆಗಾಲ ಬಂದರೆ ಹಸುಗೂಸಿಗೆ ಏನು ಮಾಡಬೇಕೆಂದು ಹೆಂಡತಿ ಮೇರಿಗೆ ವಿವರಿಸುತ್ತಾನೆ. ಅವಳು ಸಿಡಿದೇಳುತ್ತಾಳೆ, ಇಂಥ ಮಾತು ನಿನ್ನ ಬಾಯಿಂದ ಹೇಗೆ ಬಂತು ಎಂದು ಅವನ ಮುಖ ನೋಡಲೂ ಹೇಸುತ್ತಾಳೆ. ಕೊನೆಗೆ ಅವಳೂ ಅದಕ್ಕೆ ಒಪ್ಪುತ್ತಾಳೆ. ಹೀಗೆ ಎರಡು ಕಾದಂಬರಿಗಳಲ್ಲಿ ತಂದೆತಾಯಿಯರ ಮನಸ್ಸು ತದ್ವಿರುದ್ಧ ದಿಕ್ಕಿಗೆ ಚಲಿಸುತ್ತದೆ. ಮೆಲ್ಬರ್ನಿನಲ್ಲಿ ಬೇಡ ಎಂದವರು ಸರಿ ಎನ್ನುತ್ತಾರೆ, ಬೂದಿಯ ರಸ್ತೆಯಲ್ಲಿ ಸರಿ ಎಂದವನು ಬೇಡ ಎನ್ನುತ್ತಾನೆ. ಶೂಟ್ ಕಥೆಯಲ್ಲಿ ಭವಿಷ್ಯ ಗೊತ್ತಿದೆ, ವಿಕಿರಣ ಬಂದೇ ಬರುತ್ತದೆ, ಯಾರೂ ಉಳಿಯುವುದಿಲ್ಲ. ಮೆಕಾರ್ಥಿಯ ಅಪ್ಪನಿಗೆ ಭವಿಷ್ಯ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡೇ ಅವನು ಗುಂಡು ಎತ್ತಿಟ್ಟಿರುವುದು.

ಈ ಗೊತ್ತಿದೆ ಎಂಬ ನಂಬಿಕೆ ಪ್ರಳಯದ ಕಥೆಗಳಿಗಷ್ಟೇ ಸೇರಿದ್ದಲ್ಲ. ಮಕ್ಕಳ ಸಮೇತ ಬಾವಿಗೆ ಹಾರಿದ ತಾಯಿ, ಹೆಂಡತಿ ಮಕ್ಕಳಿಗೆ ವಿಷವಿಕ್ಕಿದ ಸಾಲಗಾರ ಅಪ್ಪ ಎಂಬ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ಅವರು ಬರೆದಿಟ್ಟು ಹೋಗುವ ಪತ್ರಗಳಲ್ಲಿ ಹೆಚ್ಚುಕಡಿಮೆ ಇರುವುದು ಒಂದೇ ಮಾತು, ನಾವಿಲ್ಲದ ಮೇಲೆ ಇವರನ್ನು ಯಾರು ನೋಡುತ್ತಾರೆ ಎಂದು. ಕ್ರೌರ್ಯವಲ್ಲ ಅದು, ಪ್ರೀತಿಯೇ. ಭವಿಷ್ಯವನ್ನು ಪೂರ್ತಿ ಓದಿಬಿಟ್ಟೆ ಎಂದುಕೊಂಡ ಪ್ರೀತಿ. ನಾವು ಆತ್ಮಹತ್ಯೆ ಎಂದು ಒಂದೇ ಮಾತಿನಲ್ಲಿ ಸುದ್ದಿ ಬರೆದುಬಿಡುತ್ತೇವೆ. ಮಕ್ಕಳ ಪಾಲಿಗೆ ಅದು ಕೊಲೆ, ದೊಡ್ಡವರು ಬದುಕುಳಿದರೆ ಪೊಲೀಸರು ದಾಖಲಿಸುವುದೂ ಕೊಲೆ ಪ್ರಕರಣವನ್ನೇ. (ಇಂಥ ಯೋಚನೆ ಸುಳಿಯುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.)

ಅದಕ್ಕಿಂತ ಮೆತ್ತಗಿನ ಇನ್ನೊಂದು ರೂಪವೂ ಇದೆ. ಬುದ್ಧಿ ಬೆಳೆಯದ ಮಗನನ್ನೋ ಎದ್ದು ಓಡಾಡಲಾಗದ ಮಗಳನ್ನೋ ಮೂವತ್ತು ನಲವತ್ತು ವರ್ಷ ಸಾಕಿದವರು ಆಡುವ ಮಾತು. ದೇವರು ನಮಗಿಂತ ಒಂದು ದಿನ ಮೊದಲು ಇವನನ್ನು ಕರೆದುಕೊಳ್ಳಲಿ. ಪುತ್ರಶೋಕಕ್ಕೆ ಕೊನೆಯಿಲ್ಲ ಎನ್ನುವ ನಾಡಿನಲ್ಲಿ ಇಂಥ ಪ್ರಾರ್ಥನೆ ಹುಟ್ಟಬೇಕಾದರೆ ಒಳಗೆ ಎಷ್ಟು ಬೆಂದಿರಬೇಕು! ಅವರಿಗೆ ಧೈರ್ಯ ಹೇಳುವುದು ಸುಲಭ, ಏರ್ಪಾಡು ಕಷ್ಟ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಅಥವಾ ಬಹುವಿಧ ಅಂಗವೈಕಲ್ಯ ಇರುವ, ಹದಿನೆಂಟು ದಾಟಿದವರಿಗೆ ಜಿಲ್ಲಾ ಮಟ್ಟದ ಸಮಿತಿ ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ಇದು ಎಷ್ಟು ಮನೆಗಳಿಗೆ ಗೊತ್ತಿದೆಯೋ! ಗೊತ್ತಿದ್ದರೂ ಕಾಗದದ ಮೇಲಿನ ಹೆಸರು ರಾತ್ರಿ ಎದ್ದು ಹೊದಿಕೆ ಸರಿಮಾಡುವುದಿಲ್ಲ ಎಂದು ಆ ತಾಯಂದಿರು ಹೇಳಿದರೆ ಅಲ್ಲಗಳೆಯುವುದು ಹೇಗೆ?

ಕಾದಂಬರಿಯ ಅಪ್ಪ ಕಡಲನ್ನೇನೋ ಮುಟ್ಟುತ್ತಾನೆ. ಕಡಲೂ ಬೂದಿಬಣ್ಣದ್ದೇ. ಕೆಮ್ಮಿದರೆ ರಕ್ತ ಬೀಳುತ್ತಿದೆ. ಅವರ ಗಾಡಿ ಕದ್ದ ಕಳ್ಳನನ್ನು ಹಿಡಿದು ಅವನ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿಸುವಷ್ಟು ಕಠೋರನಾಗುತ್ತಾನೆ. ಹುಡುಗ ಅತ್ತು ಅತ್ತು ಹಿಂದಕ್ಕೆ ಕರೆದೊಯ್ದು ಆ ಬಟ್ಟೆಯನ್ನು ದಾರಿಯಲ್ಲಿ ಇಟ್ಟು ಬರುವಂತೆ ಮಾಡುತ್ತಾನೆ. ಎಲ್ಲದರ ಚಿಂತೆ ಮಾಡಬೇಕಾದವನು ನೀನಲ್ಲವಲ್ಲ ಎಂದು ಅಪ್ಪ ಗದರಿದಾಗ, ನಾನೇ ಎನ್ನುತ್ತಾನೆ ಹುಡುಗ. ಕಾಯುವವನು ಯಾರು, ಕಾಯಿಸಿಕೊಳ್ಳುವವನು ಯಾರು ಎಂಬುದು ಅಲ್ಲಿ ಅದಲುಬದಲಾಗುತ್ತದೆ.

ಸಾಯುವ ಹೊತ್ತು ಬಂದಾಗ ಕರಾರಿನ ಪ್ರಕಾರ ಆಗಬೇಕಾದದ್ದು ಸ್ಪಷ್ಟ. ಗುಂಡು ಇದೆ, ಹುಡುಗ ಪಕ್ಕದಲ್ಲೇ ಇದ್ದಾನೆ. ಮೇಲಾಗಿ ಅವನೇ ನನ್ನನ್ನೂ ಕರೆದುಕೊಂಡು ಹೋಗು ಎಂದು ಬೇಡುತ್ತಿದ್ದಾನೆ. ಅಪ್ಪನಿಗೆ ಕೈ ಬರುವುದಿಲ್ಲ. ಮಗನ ಹೆಣವನ್ನು ತೋಳಿನಲ್ಲಿ ಹಿಡಿಯಬಲ್ಲೆ ಎಂದುಕೊಂಡಿದ್ದೆ, ಆಗುತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಕೆಲವರು ಇದನ್ನು ಶ್ರದ್ಧೆಯ ಗೆಲುವು ಎಂದು ಓದುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅವನಿಗೆ ದೇವರೇನೂ ಪ್ರತ್ಯಕ್ಷನಾಗಲಿಲ್ಲ, ಲೋಕ ಒಳ್ಳೆಯದೆಂಬ ಪುರಾವೆಯೂ ಸಿಗಲಿಲ್ಲ. ಸಿಕ್ಕಿದ್ದು ತನ್ನ ಅಸಹಾಯಕತೆ ಮಾತ್ರ, ಅದರ ಮುಂದೆ ಅವನು ಸೋಲೊಪ್ಪಿಕೊಂಡ. ಅಷ್ಟು ವರ್ಷ ತರ್ಕದ ಬಲದಿಂದ ಕಟ್ಟಿಕೊಂಡು ಬಂದ ಯೋಜನೆಗಿಂತ ಈ ಸೋಲು ದೊಡ್ಡದು.

ಆ ಕೊನೆಯ ರಾತ್ರಿ ಇನ್ನೊಂದು ಮಾತು ನಡೆಯುತ್ತದೆ. ಹಿಂದೆ ಒಂದು ಊರಿನಲ್ಲಿ ಹುಡುಗ ತನ್ನದೇ ವಯಸ್ಸಿನ ಒಬ್ಬ ಪುಟ್ಟ ಹುಡುಗನನ್ನು ನೋಡಿದ್ದೆ ಎಂದು ಹಠಹಿಡಿದಿದ್ದ. ಅಪ್ಪ ನಂಬದೆ, ನಿಲ್ಲದೆ, ರಟ್ಟೆ ಹಿಡಿದು ಎಳೆದುಕೊಂಡು ಹೋಗಿದ್ದ. ಈಗ ಹುಡುಗ ಮತ್ತೆ ಅವನನ್ನು ನೆನೆಸಿಕೊಂಡು, ದಾರಿ ತಪ್ಪಿದ್ದರೆ ಅವನನ್ನು ಯಾರು ಹುಡುಕುತ್ತಾರೆ ಎಂದು ಕೇಳುತ್ತಾನೆ. ಒಳ್ಳೆಯತನವೇ ಹುಡುಕಿಕೊಂಡು ಬರುತ್ತದೆ ಎಂಬ ಅರ್ಥದ ಉತ್ತರ ಕೊಡುತ್ತಾನೆ ಅಪ್ಪ. ಅವನಿಗೆ ಇದರಲ್ಲಿ ನಂಬಿಕೆ ಇತ್ತೇ, ಅಥವಾ ಮಗನಿಗಾಗಿ ಆಡಿದ ಮಾತೇ ಎಂಬುದನ್ನು ನಾನು ಎಷ್ಟು ಸಲ ಓದಿದರೂ ತೀರ್ಮಾನಿಸಲು ಆಗಿಲ್ಲ. ತೀರ್ಮಾನಿಸಬೇಕಾದ ಅಗತ್ಯವೂ ಇಲ್ಲವೇನೋ. ಹುಟ್ಟಿದಾಗಿನಿಂದ ನಾವು ಮಕ್ಕಳಿಗೆ ಹೇಳುತ್ತ ಬಂದಿರುವುದರಲ್ಲಿ ಅರ್ಧ ಹೀಗೆಯೇ, ನಂಬಿ ಹೇಳಿದ್ದೋ ಹೇಳುತ್ತ ಹೇಳುತ್ತ ನಂಬಿದ್ದೋ ನಮಗೇ ಗೊತ್ತಿರುವುದಿಲ್ಲ.

ಕೊನೆಯ ಪುಟಗಳ ಬಗ್ಗೆ ಒಂದು ಆಕ್ಷೇಪ ಇದೆ. ಅಪ್ಪ ಸತ್ತು ಮೂರು ದಿನಕ್ಕೆ ಹೆಂಡತಿ, ಮಗ, ಮಗಳು ಇರುವ ಒಬ್ಬ ಮನುಷ್ಯ ಬಂದು ಹುಡುಗನನ್ನು ಕರೆದೊಯ್ಯುತ್ತಾನೆ, ಇದು ಕಥೆಗೆ ಅನುಕೂಲವಾಗಲೆಂದು ತಂದ ಕುಟುಂಬ ಎಂದು. ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಅಪ್ಪ ತೀರ್ಮಾನ ಮಾಡಿದ್ದು ಆ ಕುಟುಂಬವನ್ನು ನೋಡಿ ಅಲ್ಲ. ಅವನು ಕಣ್ಣು ಮುಚ್ಚುವವರೆಗೂ ಅವರು ಕಣ್ಣಿಗೆ ಬೀಳುವುದೇ ಇಲ್ಲ. ಅವರಲ್ಲಿಯೂ ಹುಡುಗನನ್ನು ಹುಡುಕಿ ಹೋಗಬೇಕೋ ಬೇಡವೋ ಎಂದು ಚರ್ಚೆ ನಡೆದಿತ್ತು ಎನ್ನುತ್ತಾನೆ ಬಂದವನು. ಬೇಡ ಎಂದು ತೀರ್ಮಾನವಾಗಿದ್ದರೆ? ಹುಡುಗ ಅಪ್ಪ ಕಲಿಸಿದ ಪಾಠವನ್ನೇ ಒಪ್ಪಿಸುತ್ತಾನೆ. ನೀವು ಒಳ್ಳೆಯವರೇ, ಮಕ್ಕಳಿದ್ದಾರೆಯೇ, ಮನುಷ್ಯರನ್ನು ತಿನ್ನುವುದಿಲ್ಲವಷ್ಟೆ? ನೀವು ಒಳ್ಳೆಯವರೆಂದು ನನಗೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆಗೆ ಆ ಮನುಷ್ಯ ಪ್ರಮಾಣ ಮಾಡಿ ನಂಬಿಸಲು ಹೋಗುವುದಿಲ್ಲ, ಗೊತ್ತಾಗುವುದಿಲ್ಲ, ಧೈರ್ಯ ಮಾಡಬೇಕಷ್ಟೆ ಎನ್ನುತ್ತಾನೆ. ಹಾಗಾದರೆ ಅಪ್ಪನ ದೇಹವನ್ನು ಹೀಗೇ ಬಿಟ್ಟು ಬರಲಾರೆ ಎಂದು ಹುಡುಗ ಹೇಳಿದಾಗ, ಕಂಬಳಿ ಹೊದಿಸುತ್ತೇನೆ ಎಂದು ಮಾತು ಕೊಡುತ್ತಾನೆ. ಹುಡುಗ ಕಾಡಿನೊಳಕ್ಕೆ ಹೋಗಿ, ಕೊಟ್ಟ ಮಾತಿನಂತೆ ಕಂಬಳಿ ಹೊದಿಸಿದ್ದಾನೆಯೇ ಎಂದು ಕಣ್ಣಾರೆ ನೋಡಿಯೇ ಅವನ ಜೊತೆ ಹೊರಡುತ್ತಾನೆ.